ಹುಳ ಮುಟ್ಟುವ ಮೊದಲೇ ಇರಬೇಕಾದ ಮದ್ದು

ನನ್ನ ತಮ್ಮ ಸಿದ್ದರಾಜು,

ಅವತ್ತು ಮುಸ್ಸಂಜೆ ಗದ್ದೆಯ ಬದುವಿನಿಂದ ಕುಂಟುತ್ತಾ ಬಂದು, "ಅಣ್ಣ, ಉಳ ಮುಟ್ತು" ಅಂದೆ. ಹಾವು ಅನ್ನುವ ಮಾತನ್ನು ಆಗಲೂ ಬಾಯಿಗೆ ತರಲಿಲ್ಲ ನೀನು. ಪಕ್ಕದ ಮನೆಯವನ ಬೈಕಿನಲ್ಲಿ ನಿನ್ನನ್ನು ನಡುವೆ ಕೂರಿಸಿಕೊಂಡು ಊರಿನ ಆಸ್ಪತ್ರೆಗೆ ಹೋದೆವು. ಬಾಗಿಲು ತೆರೆದಿತ್ತು, ದೀಪ ಉರಿಯುತ್ತಿತ್ತು, ನರ್ಸಮ್ಮ ಇದ್ದರು. ವಿಷ ಇಳಿಸುವ ಮದ್ದೊಂದೇ ಇರಲಿಲ್ಲ. "ನಂಜನಗೂಡಿಗೆ ಕರ್ಕೊಂಡೋಗ್ಬುಡಿ" ಅಂದರು. ಕಪಿಲಾ ಸೇತುವೆ ಕಾಣುವಷ್ಟರಲ್ಲಿ ನನ್ನ ಎದೆಗೆ ಒರಗಿದ್ದ ನಿನ್ನ ತಲೆ...

ತಿಥಿಯ ದಿನ ಪಂಕ್ತಿಯಲ್ಲಿ ಕೂತವರೆಲ್ಲ, "ಆಯಸ್ಸು ಅಷ್ಟೇ ಇತ್ತು" ಅಂದರು. ನಿನ್ನ ಹೆಂಡತಿ ಗೌರಿಯೂ ಹಣೆಬರಹ ಅಂದಳು. ನಾನು ಮಾತ್ರ ಎಲೆ ಬಿಟ್ಟು ಎದ್ದೆ. ಮದ್ದು ತರಿಸದೇ ಇದ್ದದ್ದನ್ನೂ ಬ್ರಹ್ಮನೇ ಬರೆದನೇ?

ಅಲ್ಲಿಂದಾಚೆ ಸೋಮವಾರ ಸೋಮವಾರ ಆಸ್ಪತ್ರೆಗೆ ಹೋಗತೊಡಗಿದೆ. ಮೊದಲ ಸಲ ಡಾಕ್ಟರಮ್ಮ ಗಾಬರಿಯಾಗಿ ಎದ್ದೇ ನಿಂತರು.

"ಯಾರಿಗೆ ಕಚ್ಚಿದೆ ತಾತ?"

"ಯಾರ್ಗೂ ಇಲ್ಲ ಕಣವ್ವ. ಕಚ್ಚಕ್ ಮುಂಚೇನೆ ಮದ್ದು ಬಂದದಾ ಅಂತ ಕೇಳಕ್ ಬಂದೆ."

"ಬರೆದು ಕಳಿಸಿದ್ದೀವಿ. ಮೈಸೂರಿಂದ ಬರಬೇಕು."

"ಹುಳಕ್ಕೂ ಅಂಗೇ ಯೋಳ್ಬುಡ್ಲಾ, ಬರೋಗಂಟ ಕಾದಿರಪ್ಪ ಅಂತ?"

ನಗಲು ಹೋದವರು ಅರ್ಧಕ್ಕೇ ನಿಲ್ಲಿಸಿದರು.

ಟೀ ಅಂಗಡಿಯಲ್ಲಿ ನಿನ್ನ ಗೆಳೆಯ ಮಹದೇವ ಒಂದು ದಿನ ಕಿಚಾಯಿಸಿದ. "ಧರ್ಮಕ್ ಕೊಡೋ ಔಸ್ದಿಗೆ ಇಷ್ಟ್ ಜೋರಾ ಅಣ್ಣ?"

"ಧರ್ಮ ಅಲ್ಲ ಕಣ್ಲಾ, ಹಕ್ಕು. ವೋಟ್ ಕೇಳಕ್ ಗದ್ದೆಗಂಟ ಬತ್ತಾರಲ್ಲ, ಮದ್ದು ಯಾಕ್ಲಾ ಬರಕಿಲ್ಲ?" ಅಂದೆ. ಅವನು ಲೋಟ ಕೆಳಗಿಟ್ಟು ಎದ್ದುಹೋದ, ನನ್ನೊಳಗಿನ ಪ್ರಶ್ನೆಗಳು ಹೋಗಲಿಲ್ಲ. ನೀನು ಸತ್ತ ಮೇಲೆ ಮನೆ ಹುಡುಕಿಕೊಂಡು ಬಂದು ಮಹಜರು ಬರೆದುಕೊಂಡ ಸರ್ಕಾರಕ್ಕೆ, ಬದುಕಿದ್ದಾಗ ಈ ಊರಿನ ದಾರಿ ಗೊತ್ತಿರಲಿಲ್ಲವೇ? ಬಡವನ ಜೀವ ಉಳಿಸುವುದು ಉಪಕಾರ ಅಂತ ನಮಗೆ ಕಲಿಸಿದವರಾದರೂ ಯಾರು?

ಕಳೆದ ಸೋಮವಾರ ನನ್ನನ್ನು ಕಂಡೊಡನೆ ನರ್ಸಮ್ಮ ಫ್ರಿಜ್ಜಿನ ಬಾಗಿಲು ತೆಗೆದು ತೋರಿಸಿದರು. ಸೀಸೆಗಳು ಬಂದಿದ್ದವು. ಹೆಬ್ಬೆರಳಿನಷ್ಟು ಗಾಜು. ಇಷ್ಟೇನಾ ಅನ್ನಿಸಿತು. ಇಷ್ಟರ ಸಲುವಾಗಿ ನೀನು...

ನಿನ್ನೆ ಗೌರಿ, ನೀನು ಹೋದ ಮೇಲೆ ಮೊದಲ ಸಲ, ಅದೇ ಗದ್ದೆಗೆ ಇಳಿದು ಭತ್ತ ಕುಯ್ದು ಬಂದಳು. ಮದ್ದು ಬಂದ ಸುದ್ದಿ ಹೇಳಿದೆ, ಸಮಾಧಾನವಾದೀತು ಅಂತ. ಕುಡುಗೋಲು ಕೆಳಗಿಡುತ್ತಾ ಅಂದಳು: "ಸೀಸೆ ಬಂತು ಸರಿ ಭಾವ. ಡಾಕ್ಟ್ರಮ್ಮ ಸಂಜೆ ಬಸ್ಸಿಗೇ ಒಂಟೋಯ್ತಾರೆ. ರಾತ್ರಿ ಗದ್ದೆಗೆ ನೀರು ಕಟ್ಟೋರ್ಗೆ ಉಳ ಮುಟ್ಟುದ್ರೆ ಸೂಜಿ ಆಕೋರ್ಯಾರು?"

ಇಷ್ಟು ದಿನ ಓಡಾಡಿದರೂ ನನಗೆ ಹೊಳೆಯದ ಮಾತು ಕಣೋ ಅದು. ನಾಳೆ ಆಸ್ಪತ್ರೆಗೆ ಅವಳೂ ಬರುತ್ತಾಳೆ. ಕೇಳುವುದನ್ನು ಅವಳೇ ಕೇಳಲಿ. ಉತ್ತರ ಬರುವ ತನಕ ನಾನು ಪಕ್ಕದಲ್ಲಿ ನಿಂತಿರುತ್ತೇನೆ.

ನಿನ್ನ ಅಣ್ಣ