ಗರಗರ ನಿಲ್ಲಿಸಲು ಹೋಗಿ

ಪುಟ್ಟಿ,

ಫೋನೋಗ್ರಾಫ್ ಮುಟ್ಟಬೇಡ, ಅಮ್ಮನಿಗೂ ಮುಟ್ಟಲು ಬಿಡಬೇಡ. ಅಜ್ಜಿಯ ಹಾಡು ಕೊರೆದಿರುವ ಮೇಣದ ಉರುಳೆ ಕೇಳಲೇಬೇಕು ಅಂತ ಹಟ ಹಿಡಿದರೆ ಸ್ಪ್ರಿಂಗ್ ಮುರಿದಿದೆ ಅನ್ನು. ಸುಳ್ಳು ಹೇಳೋದು ನಿನಗೇನು ಹೊಸದಲ್ಲ.

ಗರಗರ ಸದ್ದು ಹೋಗಲಿ ಅಂತ ಸೂಜಿಯ ಮೇಲೆ ಸ್ವಲ್ಪ ಭಾರ ಹೇರಿದೆ. ಸದ್ದು ನಿಂತಿತು. ಹಿಗ್ಗಿ ಮತ್ತೆ ಮತ್ತೆ ಹಾಕಿ ಕೇಳಿದೆ. ಹಾಕಿದಷ್ಟೂ ಅಜ್ಜಿಯ ದನಿ ಸಣ್ಣಗಾಗುತ್ತಾ ಬಂತು.

ರಿಪೇರಿ ಕೆಲಸ ಕಲಿಸಿದ ಮೇಷ್ಟ್ರ ಹತ್ತಿರ ಓಡುತ್ತಿದ್ದೇನೆ. ಬಾಯಿಗೆ ಬಂದಂತೆ ಬೈಯಲಿ, ಉಳಿದಿರುವಷ್ಟನ್ನು ಉಳಿಸಿಕೊಟ್ಟರೆ ಸಾಕು.

ಊಟ ಮುಚ್ಚಿಟ್ಟಿದ್ದೇನೆ. ಫ್ಯಾನ್ ಹಾಕಬೇಡ. ಕಂಡದ್ದೆಲ್ಲ ಒರೆಸುವ ಚಾಳಿ ಇವತ್ತೊಂದು ದಿನ ಬಿಡು. ಸೂಜಿಯ ಕೆಳಗೆ ಬಿದ್ದಿರುವ ಕಂದು ಪುಡಿಯನ್ನು ಧೂಳು ಅಂತ ಊದಿಬಿಟ್ಟೀಯ!

ಅಜ್ಜಿಯ ದನಿ ಅದು.

ಅಕ್ಕ