ದೀಪ ಹತ್ತದ ಪೆಟ್ಟಿಗೆ

ಹಾಸನ
18 ಜನವರಿ 2006, ಬುಧವಾರ

ಅಣ್ಣನಿಗೆ ಮಗಳು ಮೈತ್ರೇಯಿ ಮಾಡುವ ನಮಸ್ಕಾರ.

ಮೇಲೆ ಬರೆದಿರುವ ಊರಿನ ಹೆಸರನ್ನು ಇನ್ನೊಮ್ಮೆ ನೋಡಿ. ಹೋದ ಜೂನ್‌ನಿಂದ ನಾನು ಇಲ್ಲಿದ್ದೇನೆ. ಅಸ್ಸಾಮಿನಲ್ಲಿಲ್ಲ, ವಾಯುಪಡೆಯಲ್ಲೂ ಇಲ್ಲ. ಹೊಳೆನರಸೀಪುರದ ನಮ್ಮ ಮನೆಯಿಂದ ಬಸ್ಸಿನಲ್ಲಿ ಒಂದು ಗಂಟೆ ದೂರದ ಬಾಡಿಗೆ ಕೋಣೆಯಲ್ಲಿ ಕೂತು, ಪ್ರತಿ ಸೋಮವಾರ ನೀವು ಫೋನ್ ಮಾಡಿದಾಗ ಬ್ರಹ್ಮಪುತ್ರದ ನೀರು ಎಷ್ಟು ಏರಿದೆ ಎಂದು ಹೇಳುತ್ತಿದ್ದೆ. ಅದನ್ನು ಬೆಳಗಿನ ಪೇಪರಿನಲ್ಲಿ ಓದಿಕೊಂಡಿರುತ್ತಿದ್ದೆ.

ನನ್ನನ್ನು ಯಾರೂ ಕೆಲಸದಿಂದ ಹೊರಗೆ ಕಳಿಸಲಿಲ್ಲ. ಸೇವೆಯ ಅವಧಿ ಮುಗಿಯುವಾಗ ಮುಂದುವರಿಯುತ್ತೀರಾ ಎಂದು ಕೇಳಿದರು, ನಾನೇ ಬೇಡವೆಂದೆ. ಕಾರಣ ಹೇಳಬೇಕು. ಎರಡು ವರ್ಷದ ಕೆಳಗೆ ಮಂಜಿನಲ್ಲಿ ಸರಕು ವಿಮಾನ ಇಳಿಸುವಾಗ, ಎತ್ತರ ತೋರಿಸುವ ಗಡಿಯಾರವನ್ನು ಒಂದು ಸಾವಿರ ಅಡಿ ತಪ್ಪಾಗಿ ಓದಿದೆ. ಅದರಲ್ಲಿ ಉದ್ದ ಮುಳ್ಳು ನೂರನ್ನು ತೋರಿಸುತ್ತದೆ, ಗಿಡ್ಡ ಮುಳ್ಳು ಸಾವಿರವನ್ನು. ಗಿಡ್ಡ ಮುಳ್ಳು ಉದ್ದದ್ದರ ಕೆಳಗೆ ಅಡಗಿತ್ತು. ಪಕ್ಕದಲ್ಲಿದ್ದ ಹಿರಿಯರು ಸರಿಪಡಿಸಿದರು, ಇಳಿದೆವು, ಚಹಾ ಕುಡಿದೆವು. ಅವರು ಅದನ್ನು ಮರೆತರು. ನನಗೆ ಆಗಲಿಲ್ಲ. ಹೆದರಿದ್ದೆ ಎಂದರೆ ಅರ್ಧ ನಿಜ. ಒಂದು ಮುಳ್ಳನ್ನು ಇನ್ನೊಂದರ ಕೆಳಗೆ ಅಡಗುವ ಹಾಗೆ ಮಾಡಿದವರು ಯಾರು, ಬೇರೆ ಹೇಗೆ ಮಾಡಬಹುದಿತ್ತು ಎಂಬ ಯೋಚನೆ ಹಾರಾಟಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದುಕೊಂಡಿತು ಎಂಬುದು ಉಳಿದರ್ಧ.

ಈಗ ಮಾಡುತ್ತಿರುವ ಕೆಲಸ ಅದೇ. ಯಂತ್ರಗಳ ಮೇಲಿನ ಪರದೆಯಲ್ಲಿ ಏನು ಕಾಣಬೇಕು, ಗುಂಡಿ ಎಲ್ಲಿರಬೇಕು, ಯಾವ ಮಾತು ಬರೆಯಬೇಕು ಎಂದು ಬಳಸುವವರನ್ನು ನೋಡಿ ತೀರ್ಮಾನಿಸುವುದು. ಬೆಂಗಳೂರಿನಲ್ಲಿ ಇದಕ್ಕೆ ದೊಡ್ಡ ಇಂಗ್ಲಿಷ್ ಹೆಸರಿದೆ. ಇಲ್ಲಿ ನಾವು ನಾಲ್ಕು ಜನ, ಒಂದು ಮಹಡಿ. ಹಳ್ಳಿಯ ಡೇರಿಗಳಿಗೆ ಹಾಲು ತೂಗಿ ಪರೀಕ್ಷಿಸುವ ಪೆಟ್ಟಿಗೆ ತಯಾರಿಸುತ್ತೇವೆ.

ಮೊದಲ ಪೆಟ್ಟಿಗೆಯನ್ನು ಕಟ್ಟಾಯದ ಹತ್ತಿರದ ಒಂದು ಊರಿನಲ್ಲಿ ಇಟ್ಟೆವು. ವಿಮಾನದಲ್ಲಿ ನಮಗೆ ಕಲಿಸಿದ್ದು ಹೀಗೆ: ಎಲ್ಲ ಸರಿಯಾಗಿದ್ದರೆ ಒಂದು ದೀಪವೂ ಉರಿಯಬಾರದು. ಉರಿದರೆ ತೊಂದರೆ ಎಂದರ್ಥ. ಕತ್ತಲೆಯಾಗಿದ್ದರೆ ಕ್ಷೇಮ. ನಾನೂ ಪೆಟ್ಟಿಗೆಯನ್ನು ಹಾಗೆಯೇ ಮಾಡಿದೆ. ಹಾಲು ಕೆಟ್ಟಿದ್ದರೆ ಕೆಂಪು ದೀಪ, ಚೆನ್ನಾಗಿದ್ದರೆ ಏನೂ ಇಲ್ಲ. ಅದನ್ನು ಮಾಡಿದಾಗ ನನಗೆ ಹೆಮ್ಮೆಯಾಗಿತ್ತು.

ಮೊದಲ ದಿನ ಬೆಳಗ್ಗೆ ಪುಟ್ಟತಾಯಮ್ಮ ಎಂಬವರು ಹಾಲು ಸುರಿದು ಪೆಟ್ಟಿಗೆಯ ಮುಂದೆ ನಿಂತುಬಿಟ್ಟರು. ಹಿಂದೆ ಸಾಲು ಬೆಳೆಯಿತು. ಡೇರಿಯ ಕಾರ್ಯದರ್ಶಿ ರಾಮಣ್ಣ ಕೂಗಿದರು: "ಮುಂದಕ್ಕೋಗಮ್ಮೋ! ನಿನ್ ಎಮ್ಮೆ ಇಲ್ಲೇ ಕರ ಆಕ್ತದೇನು?"

"ದೀಪ ಅತ್ತಿಲ್ಲ ಕಣ್ಲಾ. ನನ್ ಆಲು ಒಪ್ಕಂಡಿಲ್ಲ ಇದು."

ದೀಪ ಹತ್ತದಿದ್ದರೇ ಒಳ್ಳೆಯದು ಎಂದು ನಾನು ವಿವರಿಸಿದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ದೀಪ ಆರಿದ್ರೆ ಒಳ್ಳೇದಾ? ಯಾವೂರವ್ವ ನಿಂದು?"

ಸಾಲೆಲ್ಲ ನಕ್ಕಿತು. ನಮ್ಮ ಮಾಲೀಕರು ನನ್ನ ಮಾನ ಉಳಿಸಲೆಂದು ಮೇಡಂ ವಿಮಾನ ಓಡಿಸಿದವರು ಎಂದರು. ರಾಮಣ್ಣ, "ಇಮಾನ ಬುಟ್ಬುಟ್ಟು ಆಲಿನ ಡಬ್ಬಕ್ಕೆ ಬಂದ್ರಾ? ಮೇಲಿಂದ ಬಿದ್ಗಿದ್ ಬುಟ್ರಾ ಅಂಗಾರೆ?" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆಮೇಲೆ ಅವರೇ ನನಗೆ ಕಾಫಿ ತರಿಸಿಕೊಟ್ಟರು. ಆದರೆ ಆವತ್ತಿನಿಂದ ಯಾರಾದರೂ ಕೇಳಿದರೆ ಮೊದಲಿನಿಂದಲೂ ಕಂಪ್ಯೂಟರ್ ಕೆಲಸದಲ್ಲೇ ಇದ್ದೆ ಎನ್ನುತ್ತೇನೆ. ನಿಮ್ಮ ಹತ್ತಿರ ಇನ್ನೂ ಹಾರುತ್ತಿದ್ದೇನೆ ಎಂದು, ಇಲ್ಲಿ ಎಂದೂ ಹಾರಿಲ್ಲ ಎಂದು.

ಪೆಟ್ಟಿಗೆಗೆ ಹಸಿರು ದೀಪ ಹಾಕಿಸಿದೆ. ಹಾಲು ಒಪ್ಪಿದರೆ ಹತ್ತುತ್ತದೆ. ಪುಟ್ಟತಾಯಮ್ಮ ಈಗ ಅದಕ್ಕೆ ಕೈ ಮುಗಿದು ಹೋಗುತ್ತಾರೆ.

ನಿಮಗೂ ನಾನು ಮೊದಲಿನಂಥದೇ, ದೀಪ ಹತ್ತದ ಪೆಟ್ಟಿಗೆ ಕೊಟ್ಟಿದ್ದೆ, ಅಣ್ಣ. ಕೆಟ್ಟ ಸುದ್ದಿಯಿಲ್ಲವೆಂದರೆ ಕ್ಷೇಮ ಎಂದು ನಾನು ತಿಳಿದೆ. ನೀವು ಅದರ ಮುಂದೆ ನಿಂತೇ ಇದ್ದಿರಿ.

ಇನ್ನೊಂದನ್ನೂ ಬರೆಯಬೇಕು. ಡಿಸೆಂಬರಿನಲ್ಲಿ ಒಂದು ಸೋಮವಾರ ಚನ್ನರಾಯಪಟ್ಟಣದ ಬಸ್ಸಿಗೆಂದು ಇಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಪೆಟ್ಟಿಗೆ ಕಾಲ ಹತ್ತಿರ ಇತ್ತು. ಎದುರಿನ ಎಸ್‌ಟಿಡಿ ಬೂತಿನಿಂದ ಯಾರೋ ಹೊರಬಂದರು, ಕೊಡೆ ಹಿಡಿದ ಒಬ್ಬರು ಒಳಗೆ ಹೋದರು. ಕೊಡೆಯಿಂದ ನಿಮ್ಮನ್ನು ಗುರುತಿಸಿದೆ. ಯಾವುದೋ ಕೆಲಸಕ್ಕೆ ಹಾಸನಕ್ಕೆ ಬಂದಿದ್ದಿರಿ. ನನ್ನ ಕೈಯಲ್ಲಿದ್ದ ಮೊಬೈಲ್ ರಿಂಗಾಯಿತು.

ನಾನು ಕಂಬದ ಮರೆಗೆ ಸರಿದು ಉತ್ತರಿಸಿದೆ. ಈಗ ತಾನೇ ಇಳಿದೆ, ಇಲ್ಲಿ ವಿಪರೀತ ಮಂಜು ಎಂದೆ. ಗಾಜಿನ ಬಾಗಿಲಿನಾಚೆ ನಿಮ್ಮ ತಲೆ ಅಲ್ಲಾಡುವುದು ಕಾಣುತ್ತಿತ್ತು. ಆಗಲೇ ಕಂಡಕ್ಟರ್ ನನ್ನ ಕಿವಿಯ ಹತ್ತಿರ "ಅರಕಲಗೂಡು, ಅರಕಲಗೂಡು" ಎಂದು ಕೂಗಿದ.

"ಯಾರೋ ಅರಕಲಗೂಡು ಅಂದ ಹಾಗಾಯ್ತಲ್ಲೇ," ಎಂದಿರಿ.

"ನಿಮ್ಮ ಕಡೆ ಸದ್ದು ಅಣ್ಣ," ಎಂದೆ.

"ಇರಬಹುದಮ್ಮ."

ಮಾತು ಮುಗಿದ ಮೇಲೆ ನೀವು ಹೊರಬಂದು ಕೊಡೆ ಬಿಚ್ಚಿ, ನನ್ನ ಕಡೆಗೆ ಬೆನ್ನು ಮಾಡಿ ನಿಮ್ಮ ಬಸ್ಸಿನತ್ತ ನಡೆದಿರಿ. ಕರೆದಿದ್ದರೆ ಕೇಳಿಸುತ್ತಿತ್ತು. ನಿಮ್ಮ ಕಪಾಟಿನ ಅನುವಾದದ ಕಾದಂಬರಿಗಳಲ್ಲಿ ಜನ ಸುಳ್ಳು ಹೇಳಿದಾಗ ಅವರ ಕಿವಿ ಕೆಂಪಾಗುತ್ತದೆ. ನನ್ನದು ಹಾಗೇನೂ ಆಗಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಚನ್ನರಾಯಪಟ್ಟಣಕ್ಕೆ ಹೋದೆ, ಕೆಲಸವನ್ನೂ ಚೆನ್ನಾಗಿ ಮಾಡಿದೆ. ನಾಚಿಕೆ ವಾಪಸು ಬರುವ ಬಸ್ಸಿನಲ್ಲಿ ಬಂತು, ಇನ್ನೂ ಹೋಗಿಲ್ಲ. ವಿಮಾನ ಬಿಟ್ಟದ್ದಕ್ಕಲ್ಲ. ಈ ಕೆಲಸ ನನಗೆ ಇಷ್ಟ. ಇಷ್ಟವಾದದ್ದನ್ನು ನಿಮ್ಮ ಮುಂದೆ ಹೆಸರು ಹಿಡಿದು ಹೇಳಲಾರದೆ ಹೋದದ್ದಕ್ಕೆ.

ಈಗ ಈ ಕಾಗದದ ಉದ್ದೇಶ. ಇಪ್ಪತ್ತಾರನೆಯ ತಾರೀಖು ನೀವು ಪಾಠ ಹೇಳಿದ ಶಾಲೆಯಲ್ಲಿ ಬಾವುಟ ಹಾರಿಸಲು ನಾನು ಯೂನಿಫಾರಂನಲ್ಲಿ ಬರುತ್ತೇನೆಂದು ಹೆಡ್‌ಮಾಸ್ಟರ್ ಚಂದ್ರಶೇಖರಯ್ಯನವರಿಗೆ ನೀವು ಮಾತು ಕೊಟ್ಟಿದ್ದೀರಿ. ದೀಪಾವಳಿಯ ಹೊತ್ತಿಗೆ ನೀವು ಕೇಳಿದಾಗ ನಾನು ಹೂಂ ಎಂದಿದ್ದೆ. ಆ ಬಟ್ಟೆ ತೊಡುವ ಹಕ್ಕು ನನಗೀಗ ಇಲ್ಲ. ಆದರೂ ಹೋದ ವಾರ ಅದಕ್ಕೆ ಇಸ್ತ್ರಿ ಹಾಕಿದೆ. ಒಂದು ದಿನಕ್ಕೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ತೊಟ್ಟು ಕನ್ನಡಿಯಲ್ಲಿ ನೋಡಿಕೊಂಡೆ. ಬಿಚ್ಚಿ ಟ್ರಂಕಿನ ತಳದಲ್ಲಿಟ್ಟೆ.

ಆದ್ದರಿಂದ ನನ್ನದೊಂದು ಬೇಡಿಕೆ. ಮಗಳಿಗೆ ರಜೆ ಸಿಗಲಿಲ್ಲವೆಂದು ಅವರಿಗೆ ಹೇಳಿಬಿಡಿ. ಇಷ್ಟು ವರ್ಷ ಊರಿನಲ್ಲಿ ತಲೆಯೆತ್ತಿ ನಡೆದವರು ನೀವು. ನಿಜ ನಮ್ಮ ಮೂವರಲ್ಲೇ ಇರಲಿ. ಅಮ್ಮನಿಗೆ ಹೇಗೆ ಹೇಳಬೇಕೆಂಬುದನ್ನು ನಿಮಗೇ ಬಿಟ್ಟಿದ್ದೇನೆ.

ಕ್ಷಮಿಸಿ ಎಂದು ಬರೆಯಲು ಧೈರ್ಯ ಸಾಲದ

ನಿಮ್ಮ
ಮೈತ್ರೇಯಿ

ಮರೆತ ಮಾತು: ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿದೆ. ಬಸ್ ಸ್ಟ್ಯಾಂಡಿನ ಆ ಮಾತುಕತೆಯನ್ನು ಬರೆಯುವಾಗ ಒಂದು ಬಿಟ್ಟುಹೋಗಿತ್ತು. ಫೋನ್ ಇಡುವ ಮುಂಚೆ, "ಹಾಸನಕ್ಕೆ ಬಂದು ಕನ್ನಡಕ ಬದಲಾಯಿಸಿದೆ ಕಣಮ್ಮ, ದೂರದ್ದೆಲ್ಲ ಚೆನ್ನಾಗಿ ಕಾಣತ್ತೆ. ಬಿಸಿಲಲ್ಲಿ ನಿಂತಿರಬೇಡ," ಎಂದಿರಿ. ನಾನು ಮಂಜು ಎಂದಿದ್ದೆ. ವಯಸ್ಸಾಯಿತು, ಕೇಳಿಸಿಕೊಂಡಿಲ್ಲ ಎಂದುಕೊಂಡೆ. ಆ ಸೋಮವಾರದಿಂದ ಈಚೆಗೆ ನೀವು ಯೂನಿಫಾರಂನ ಮಾತೆತ್ತಿಲ್ಲ. ಅಲ್ಲಿ ಹವಾ ಹೇಗಿದೆ ಎಂದೂ ಕೇಳಿಲ್ಲ. ಊಟ ಆಯಿತೇ ಎಂದಷ್ಟೇ ಕೇಳುತ್ತೀರಿ.

ಕೊಡೆ ಬಿಚ್ಚಿ ಬೆನ್ನು ಮಾಡಿ ನಡೆದದ್ದು ಯಾಕೆಂದು ಈಗ ಹೊಳೆಯುತ್ತಿದೆ.

ರಜೆ ಸಿಗಲಿಲ್ಲವೆಂದು ಯಾರಿಗೂ ಹೇಳಬೇಡಿ. ನಾನು ಬರೆದ ಆ ಸಾಲನ್ನು ಹೊಡೆದುಹಾಕಿಲ್ಲ, ನೀವು ಓದಬೇಕು. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಚಂದ್ರಶೇಖರಯ್ಯನವರ ಮನೆಗೆ ನಾನೇ ಹೋಗಿ, ನಾನೇನು ಕೆಲಸ ಮಾಡುತ್ತೇನೆಂದು ಹೇಳುತ್ತೇನೆ. ಆಮೇಲೂ ಬಾ ಎಂದರೆ ಇಪ್ಪತ್ತಾರಕ್ಕೆ ಸೀರೆಯುಟ್ಟು ಹಾಲಿನ ಪೆಟ್ಟಿಗೆಯೊಂದಿಗೆ ಶಾಲೆಗೆ ಬರುತ್ತೇನೆ. ಕಾಗದವನ್ನು ನಾಳೆ ಬೆಳಗ್ಗೆ ಅಂಚೆಗೆ ಹಾಕಬೇಕು, ಇನ್ನೂ ಅಂಟಿಸಿಲ್ಲ.