ಮಾನ್ವಿ ಮಿಲ್ಲಿನಲ್ಲಿ ಸಂಖ್ಯಾಶಾಸ್ತ್ರ

ರಾಯಚೂರು
13 ಜುಲೈ 2025

ಪ್ರೀತಿಯ ಅಕ್ಕಾ,

ದೇವದುರ್ಗದಲ್ಲಿ ನೀನು, ಭಾವ, ಪುಟ್ಟ ಮಲ್ಲಿಕಾ ಸುಖವಾಗಿದ್ದೀರಿ ತಾನೆ? ಬರೆಯಲು ತಡವಾಯಿತು, ಬೈಯಬೇಡ. ಫೋನಿನಲ್ಲೇ ಹೇಳೋಣವೆಂದರೆ ನಿನ್ನ ಮಗಳು ಕಸಿದುಕೊಂಡು ಬೆಕ್ಕಿನ ಮರಿಯ ಸುದ್ದಿ ಶುರು ಮಾಡುತ್ತಾಳೆ. ಮೊದಲು ಸಿಹಿ ಸುದ್ದಿ: ಎಂ.ಎ. ಸಂಖ್ಯಾಶಾಸ್ತ್ರದ ಪೇಪರಿನಲ್ಲಿ ನನಗೆ ಎಪ್ಪತ್ತೆಂಟು ಅಂಕ!

ಆ ಪಾಠ ಈಗಲೂ ಹಂಪಯ್ಯ ಸರ್ ಅವರದೇ. ನಿನ್ನ ಕಾಲದ ಹಾಗೆಯೇ ಬೋರ್ಡಿನ ಕಡೆ ಮುಖ ಮಾಡಿ ಹಳೆಯ ನೋಟ್ಸ್ ಓದುತ್ತಿದ್ದರು, ನಾವು ಬರೆದುಕೊಳ್ಳುವ ಮೊದಲೇ ಒರೆಸುತ್ತಿದ್ದರು. ಡೌಟು ಕೇಳಿದರೆ “ಮುಂದ ಬರ್ತದ, ಕುಂದ್ರವ್ವಾ” ಎನ್ನುತ್ತಿದ್ದರು. ಅದು ಬರುತ್ತಲೇ ಇರಲಿಲ್ಲ. ಮಾದರಿ ಆಯ್ಕೆಯ (ಸ್ಯಾಂಪ್ಲಿಂಗ್) ಮೇಲಿನ ಮೊದಲ ಕಿರುಪರೀಕ್ಷೆಯಲ್ಲಿ ನನಗೆ ಇಪ್ಪತ್ತಕ್ಕೆ ನಾಲ್ಕು. ಹಾಸ್ಟೆಲಿನಲ್ಲಿ ಬಟ್ಟೆ ಒಗೆಯುತ್ತಾ ಅತ್ತುಬಿಟ್ಟೆ.

ಪಕ್ಕದಲ್ಲಿ ಬಟ್ಟೆ ಹಿಂಡುತ್ತಿದ್ದವಳು ನನ್ನ ರೂಮಿನ ವಾಹಿದಾ, ಮಾನ್ವಿಯ ಹುಡುಗಿ. “ಅಳೋದು ಸಾಕು. ನಮ್ಮ ಅಬ್ಬಾ ಅಕ್ಕಿ ಮಿಲ್ಲಿನಾಗ ದಿನಾ ಇದನ್ನೇ ಮಾಡ್ತಾರ, ನಡಿ ಬೇ” ಎಂದಳು. ಭಾನುವಾರ ಕ್ಲಾಸಿನ ಆರು ಮಂದಿ ಮಾನ್ವಿಯ ಬಸ್ಸು ಹತ್ತಿದೆವು.

ಅವಳ ಅಬ್ಬಾ ಅಬ್ದುಲ್ ವಹೀದ್ ಅಲ್ಲಿ ಭತ್ತ ಪರೀಕ್ಷೆ ಮಾಡುವವರು. ಇನ್ನೂರು ಚೀಲ ಇಳಿದಿದ್ದವು. ಚೂಪಾದ ಕೊಳವೆಯನ್ನು ಅಲ್ಲೊಂದು ಇಲ್ಲೊಂದು ಚೀಲಕ್ಕೆ ಚುಚ್ಚಿ ಹಿಡಿಯಷ್ಟು ಭತ್ತ ತೆಗೆಯುತ್ತಿದ್ದರು.

“ಎಲ್ಲಾ ಚೀಲ ಯಾಕ ನೋಡಂಗಿಲ್ರಿ ಚಾಚಾ?” ಎಂದು ಕೇಳಿದೆ.

“ಎಲ್ಲಾ ಬಿಚ್ಚಿದ್ರ ಸಂಜಿ ಆಗ್ತದ ಬೇಟಿ. ಮುಂದಿನ ಸಾಲಿನಾಗಷ್ಟ ನೋಡಿದ್ರ, ಮಾರೋರು ಅಲ್ಲಿ ಚಲೋ ಭತ್ತಾನೇ ಇಟ್ಟಿರ್ತಾರ. ಅದಕ್ಕ ಯಾವ ಚೀಲ ಅಂತ ಅವರಿಗೂ ಗೊತ್ತಿರಬಾರ್ದು, ನನಗೂ ಗೊತ್ತಿರಬಾರ್ದು.”

ಎರಡು ತಿಂಗಳು ತಲೆಗೆ ಹೋಗದ ಪಾಠ ಎರಡು ಮಾತಿನಲ್ಲಿ ಒಳಗಿಳಿದಿತ್ತು! ಮಧ್ಯಾಹ್ನ ಮನೆಯಲ್ಲಿ ವಾಹಿದಾಳ ಅಮ್ಮ ಖಾಸಿಂ ಬೀ ರೊಟ್ಟಿ ಬಡಿಸುತ್ತಾ, “ಇಷ್ಟಕ್ಕ ಎಂ.ಎ. ಮಾಡಬೇಕೇನ್ರವ್ವಾ?” ಎಂದು ನಕ್ಕರು.

ಅಂದಿನಿಂದ ಪ್ರತಿ ಸಂಜೆ ಖಾಲಿ ಕ್ಲಾಸಿನಲ್ಲಿ ಒಬ್ಬರಿಗೊಬ್ಬರು ಪಾಠ ಹೇಳಿಕೊಂಡೆವು. ಒಂದು ದಿನ ಡೆಸ್ಕಿನ ಮೇಲೆ ಭತ್ತ ಹರಡಿಕೊಂಡು ನಾನು ವಿವರಿಸುತ್ತಿದ್ದಾಗ ಹಂಪಯ್ಯ ಸರ್ ಬಾಗಿಲಲ್ಲಿ ನಿಂತಿದ್ದರು. ಗಡಬಡಿಸಿ ಭತ್ತ ಬಾಚಿಕೊಳ್ಳಲು ಹೋದೆ. ಅವರು ಒಳಗೆ ಬಂದು ಬೆಂಚಿನ ಮೇಲೆ ಕೂತರು.

“ಇನ್ನೊಮ್ಮಿ ಹೇಳವ್ವಾ. ಇಪ್ಪತ್ತು ವರ್ಷದಿಂದ ಓದಿ ಹೇಳಾಕತ್ತೀನಿ. ಹಿಂಗ ಕೈಯಾಗ ಹಿಡಿದು ನೋಡಿರ್ಲಿಲ್ಲ.”

ಹೇಳಿದೆ. ಮರುದಿನ ಮೊದಲ ಸಲ ನಮ್ಮತ್ತ ತಿರುಗಿ ನಿಂತು, “ಎಲ್ಲಿ ತಿಳಿದಿಲ್ಲ, ಹೇಳ್ರಿ” ಎಂದರು. ಫಲಿತಾಂಶ ಬಂದಾಗ ಮೂವತ್ತೊಂದು ಮಂದಿಯಲ್ಲಿ ಇಪ್ಪತ್ತೊಂಬತ್ತು ಮಂದಿ ಪಾಸು! ಆ ರಾತ್ರಿ ಹಾಸ್ಟೆಲಿನಲ್ಲಿ ತಟ್ಟೆ ಬಡಿದು ಕುಣಿದೆವು.

ಭಾವನಿಗೆ ನಮಸ್ಕಾರ. ಮಲ್ಲಿಕಾ ಹೀಗೇ ಹಟಮಾರಿಯಾಗಿ ಬೆಳೆಯಲಿ. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ ತಂಗಿ
ಉಮಾಶ್ರೀ

ತಾ.ಕ.: ಹೇಳಬೇಕಾದ್ದನ್ನೇ ಬಿಟ್ಟಿದ್ದೆ. ಆರು ವರ್ಷದ ಹಿಂದೆ ಇದೇ ಪಾಠದಲ್ಲಿ ಎರಡು ಸಲ ಫೇಲಾಗಿ, ಓದು ಬಿಟ್ಟು ನೀನು ಅರಕೇರಾದ ಮನೆಗೆ ಬಂದಾಗ ಅಪ್ಪ, “ಈಕಿ ತಲಿಗೆ ಹತ್ತಂಗಿಲ್ಲ ಬಿಡು” ಎಂದರು. ನಾನು ನಕ್ಕಿದ್ದೆ ಅಕ್ಕಾ. ಅಂದಿನಿಂದ ನೀನು ಪುಸ್ತಕ ಮುಟ್ಟಿಲ್ಲ. ನಿನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ. ಹೋದ ವಾರ ಇದನ್ನು ಅಪ್ಪನ ಎದುರು ಹೇಳಿ ಬಂದೆ. ನಿನ್ನ ಎದುರು ಹೇಳಲು ಧೈರ್ಯ ಸಾಲದೆ ಬರೆಯುತ್ತಿದ್ದೇನೆ. ನನ್ನನ್ನು ಕ್ಷಮಿಸು.